ವಾರ್ಪ್ ವೇಗ ಮತ್ತು ಹುಣಸೆಮರದ ಪೊಲೀಸ

ಕಳೆದ ತಿಂಗಳು ಪುಣೆಯಿಂದ ಮುಂಬೈಗೆ ವಾಪಸು ಬಂದ ಎರಡನೇ ದಿನ ಫೋನಿಗೆ ಒಂದು ಸಂದೇಶ ಬಂತು. ತೆರೆದರೆ ನನ್ನದೇ ಕಾರಿನ ಫೋಟೊ. ಕೆಳಗೆ ತಾರೀಖು, ಗಂಟೆ, ನಿಮಿಷ, ಮತ್ತು ಒಂದು ಸಂಖ್ಯೆ: 118. ಅಲ್ಲಿಯ ಮಿತಿ 100. ಫೋಟೊ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣುತ್ತಿತ್ತು, ಬಾನೆಟ್ ಮೇಲೆ ಬಿಸಿಲು ಬಿದ್ದಿತ್ತು. ನಾನು ದುಡ್ಡು ಕೊಟ್ಟು ತೆಗೆಸಿದ ಯಾವ ಫೋಟೊದಲ್ಲೂ ಆ ಕಾರು ಅಷ್ಟು ಅಂದವಾಗಿ ಕಂಡಿಲ್ಲ.

ಮಗಳು ಹಿಂದಿನಿಂದ ಇಣುಕಿ ನೋಡಿ, "ಅಪ್ಪಾ, ಇದು ವಾರ್ಪ್ ಎಷ್ಟಾಯ್ತು?" ಎಂದಳು.

ಆ ಪ್ರಶ್ನೆಯ ತಪ್ಪೂ ನನ್ನದೇ. ಲಾಕ್‌ಡೌನಿನ ದಿನಗಳಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ 'ಸ್ಟಾರ್ ಟ್ರೆಕ್' ಕಂತುಗಳನ್ನೆಲ್ಲ ತೋರಿಸಿದವನು ನಾನು. ದಂಡ ಕಟ್ಟುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂತು ಯೋಚಿಸಿದೆ. ಆಗ ನೆನಪಾದ ಒಂದು ಸಂಗತಿಯನ್ನು ನಿಮಗೂ ಹೇಳಬೇಕೆನಿಸಿತು: ಬೆಳಕಿಗಿಂತ ವೇಗವಾಗಿ ಹಾರುವ ಆ ಹಡಗನ್ನು ಕಲ್ಪಿಸಿಕೊಂಡ ಮನುಷ್ಯ ಒಂದು ಕಾಲದಲ್ಲಿ ಟ್ರಾಫಿಕ್ ಪೊಲೀಸನಾಗಿದ್ದ.

*

ಮೊದಲು ನಮ್ಮ ಭಾನುವಾರಗಳ ವಿಷಯ. 1980ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಬರುತ್ತಿತ್ತು. ಮಾಟುಂಗಾದ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಟಿವಿ ಇತ್ತಾದ್ದರಿಂದ ಪಕ್ಕದ ಮೂರು ಮನೆಯ ಮಕ್ಕಳೂ ನಮ್ಮಲ್ಲೇ ಇರುತ್ತಿದ್ದರು. ಇಂಗ್ಲಿಷು ನಮಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಅಪ್ಪ ಹೇಳುತ್ತಿದ್ದರು. ಅದರಲ್ಲೂ ಅರ್ಧ ಅವರದೇ ಸ್ವಂತ ಕಥೆ ಎಂದು ತಿಳಿದದ್ದು ದೊಡ್ಡವನಾದ ಮೇಲೆ. ಅಜ್ಜಿ ಧಾರವಾಡದಿಂದ ಬಂದಾಗ ನಮ್ಮ ಜೊತೆ ಕೂತು ನೋಡುತ್ತಿದ್ದಳು. ಜನ ಒಂದು ಕಡೆ ಕರಗಿ ಇನ್ನೊಂದು ಕಡೆ ಮೂಡುವುದನ್ನು ಕಂಡು ಅವಳಿಗೆ ಯಾವ ಆಶ್ಚರ್ಯವೂ ಆಗಲಿಲ್ಲ. "ನಾರದ ದಿನಾ ಇದನ್ನ ಮಾಡತಿದ್ದ, ಇಷ್ಟು ದೀಪ ಹಚ್ಚತಿರಲಿಲ್ಲ, ಅಷ್ಟೇ" ಎಂದಳು.

ಆಮೇಲಿನ ವರ್ಷಗಳಲ್ಲಿ ನಮ್ಮದೇ 'ಇಂದ್ರಧನುಷ್', 'ಸ್ಪೇಸ್ ಸಿಟಿ ಸಿಗ್ಮಾ' ಬಂದವು. ಆದರೆ ನಮ್ಮ ಓಣಿಯ ಹುಡುಗರ ತಲೆ ಕೆಡಿಸಿದ್ದು 'ಸ್ಟ್ರೀಟ್ ಹಾಕ್'. ಅಮೆರಿಕದಲ್ಲಿ 1985ರಲ್ಲಿ ಶುರುವಾಗಿ ಹದಿಮೂರೇ ಕಂತಿಗೆ ನಿಂತುಹೋದ ಧಾರಾವಾಹಿ ಅದು. ಅಲ್ಲಿ ಸೋತದ್ದು ಇಲ್ಲಿ ಗೆದ್ದಿತು. ನಾಯಕ ಜೆಸ್ಸಿ ಮ್ಯಾಕ್ ಹಗಲು ಹೊತ್ತಿನಲ್ಲಿ ಸಾಧಾರಣ ಪೊಲೀಸ್, ರಾತ್ರಿ ಕಪ್ಪು ಮೋಟರ್‌ಸೈಕಲ್ಲಿನ ಸವಾರ. ಆ ಬೈಕು ಗಂಟೆಗೆ 300 ಮೈಲಿ, ಅಂದರೆ ಸುಮಾರು 480 ಕಿಲೋಮೀಟರ್ ವೇಗದಲ್ಲಿ ನಗರದೊಳಗೆ ಓಡುತ್ತಿತ್ತು. ಬಾಡಿಗೆ ಸೈಕಲ್ಲಿನ ಹ್ಯಾಂಡಲ್ಲಿಗೆ ಅಗರಬತ್ತಿಯ ಖಾಲಿ ಡಬ್ಬಿ ಕಟ್ಟಿ, ಅದರ ಮೇಲೆ ಒಂದು ಬಟನ್ ಬರೆದು, ಅದನ್ನು ಒತ್ತಿ ನಾವು ಕಿಂಗ್ಸ್ ಸರ್ಕಲ್ಲಿನ ಇಳಿಜಾರಿನಲ್ಲಿ ಹಾರುತ್ತಿದ್ದೆವು. ಪೊಲೀಸನೇ 480ರಲ್ಲಿ ಹೋಗುತ್ತಿದ್ದರೆ ಅವನಿಗೆ ಚಲನ್ ಹರಿಯುವವರು ಯಾರು ಎಂಬ ಪ್ರಶ್ನೆ ನಮಗೆ ಹೊಳೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೂ, ಬೇಲಿಗೆ ಟರ್ಬೊ ಇದ್ದರೆ ಮಕ್ಕಳು ಚಪ್ಪಾಳೆಯನ್ನೇ ಹೊಡೆಯುತ್ತಾರೆ.

*

'ಸ್ಟಾರ್ ಟ್ರೆಕ್' ಸೃಷ್ಟಿಸಿದ ಜೀನ್ ರಾಡನ್‌ಬೆರಿಯ ಕಥೆಗೆ ಬರೋಣ. ಅದರ ಶುರುವಿನ ಒಂದು ಅಧ್ಯಾಯಕ್ಕೂ ನಮ್ಮ ಉಪಖಂಡಕ್ಕೂ ನಂಟಿದೆ.

ಎರಡನೇ ಮಹಾಯುದ್ಧದಲ್ಲಿ ಆತ ಬಾಂಬರ್ ವಿಮಾನದ ಪೈಲಟ್. 1943ರಲ್ಲಿ ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲಿ ಅವನ ವಿಮಾನ ಮೇಲೇಳಲಾಗದೆ ರನ್‌ವೇ ದಾಟಿ ಮರಗಳಿಗೆ ನುಗ್ಗಿತು, ಇಬ್ಬರು ಸತ್ತರು. ತಪ್ಪು ಅವನದಲ್ಲ ಎಂದು ತನಿಖೆ ಹೇಳಿತು. ಯುದ್ಧ ಮುಗಿದ ಮೇಲೆ ಪ್ಯಾನ್ ಆಮ್ ಕಂಪನಿ ಸೇರಿದ. 1947ರ ಜೂನ್ 18ರ ಸಂಜೆ ಆ ಕಂಪನಿಯ ವಿಮಾನವೊಂದು ಕರಾಚಿಯಿಂದ ಇಸ್ತಾಂಬುಲ್‌ಗೆ ಹೊರಟಿತು. ಕರಾಚಿ ಆಗಿನ್ನೂ ಅವಿಭಜಿತ ಭಾರತದ ಊರು. ಸ್ವಾತಂತ್ರ್ಯಕ್ಕೆ ಎರಡು ತಿಂಗಳಿತ್ತು. ದಾರಿಯಲ್ಲಿ ಎಂಜಿನ್ನಿಗೆ ಬೆಂಕಿ ಹತ್ತಿ ವಿಮಾನ ಸಿರಿಯಾದ ಮರುಭೂಮಿಯಲ್ಲಿ ಬಿತ್ತು. ಒಳಗಿದ್ದ 36 ಜನರಲ್ಲಿ ಹೆಚ್ಚುಕಡಿಮೆ ಹದಿನೈದು ಮಂದಿ ಸತ್ತರು. ಆ ರಾತ್ರಿ ಕೆಲಸದ ಮೇಲಿರದೆ ಸಿಬ್ಬಂದಿಯಾಗಿ ಸುಮ್ಮನೆ ಪ್ರಯಾಣಿಸುತ್ತಿದ್ದ ರಾಡನ್‌ಬೆರಿ, ಎರಡು ಪಕ್ಕೆಲುಬು ಮುರಿದಿದ್ದರೂ, ಉರಿಯುತ್ತಿದ್ದ ವಿಮಾನದಿಂದ ಗಾಯಾಳುಗಳನ್ನು ಎಳೆದು ಹೊರಗೆ ತಂದ.

ಮರುವರ್ಷ ಆತ ವಿಮಾನದ ಕೆಲಸ ಬಿಟ್ಟ. ಟೆಲಿವಿಷನ್ನಿಗೆ ಬರೆಯಬೇಕೆಂದು ಹೆಂಡತಿ ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋದ. ಆದರೆ ಬರೆದು ಬದುಕುವಷ್ಟು ದೊಡ್ಡದಾಗಿ ಟೆಲಿವಿಷನ್ನೇ ಇನ್ನೂ ಬೆಳೆದಿರಲಿಲ್ಲ. ಅಪ್ಪ ಲಾಸ್ ಏಂಜಲೀಸಿನ ಪೊಲೀಸ್. ಮಗನೂ ಅದೇ ದಾರಿ ಹಿಡಿದ. 1949ರ ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿ, ಮೊದಲ ಹದಿನಾರು ತಿಂಗಳು ಟ್ರಾಫಿಕ್ ವಿಭಾಗದಲ್ಲಿ ದುಡಿದ. ಆಮೇಲೆ ಪೊಲೀಸ್ ಮುಖ್ಯಸ್ಥ ವಿಲಿಯಂ ಪಾರ್ಕರ್‌ಗೆ ಭಾಷಣ ಬರೆದುಕೊಡುವ ಕೆಲಸ ಸಿಕ್ಕಿತು. ಸಂಜೆ ಹೊತ್ತು ರಾಬರ್ಟ್ ವೆಸ್ಲಿ ಎಂಬ ಹೆಸರಿನಲ್ಲಿ ಟಿವಿಗೆ ಕಥೆ ಬರೆಯತೊಡಗಿದ. ಹೆದ್ದಾರಿ ಪೊಲೀಸರ ಸಾಹಸಗಳ 'ಹೈವೇ ಪೆಟ್ರೋಲ್' ಎಂಬ ಧಾರಾವಾಹಿಗೂ ಆ ಹೆಸರಿನಲ್ಲಿ ಬರೆದ. ಮುಂದೆ ಸ್ಪಾಕ್ ಆಗಿ ಜಗತ್ತಿಗೆಲ್ಲ ಪರಿಚಿತನಾದ ಲಿಯೊನಾರ್ಡ್ ನಿಮೊಯ್ ಕೂಡ ಆ ಧಾರಾವಾಹಿಯಲ್ಲಿ ಸಣ್ಣ ಪಾತ್ರ ಮಾಡಿದ್ದಾನೆ. 1956ರಲ್ಲಿ ರಾಡನ್‌ಬೆರಿ ಪೊಲೀಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಹತ್ತು ವರ್ಷಗಳ ನಂತರ, 1966ರ ಸೆಪ್ಟೆಂಬರ್ 8ರಂದು, ಎಂಟರ್‌ಪ್ರೈಸ್ ಹಡಗು ಅಮೆರಿಕದ ಟಿವಿ ಪರದೆಯ ಮೇಲೆ ಹಾರಿತು.

ಎರಡು ವಿಮಾನ ಅಪಘಾತ ಕಂಡವನು, ಟ್ರಾಫಿಕ್ ಪೊಲೀಸನಾಗಿದ್ದವನು ಕಟ್ಟಿದ ಆ ಹಡಗಿನಲ್ಲಿ ಸೀಟ್ ಬೆಲ್ಟ್ ಇರಲಿಲ್ಲ ಎಂಬುದು ಅಭಿಮಾನಿಗಳ ಹಳೆಯ ತಮಾಷೆ. ಶತ್ರು ಒಂದು ಏಟು ಹೊಡೆದರೆ ಸಾಕು, ಅಧಿಕಾರಿಗಳೆಲ್ಲ ಕುರ್ಚಿಯಿಂದ ಹಾರಿ ಬೀಳುತ್ತಿದ್ದರು. ಅವರನ್ನು ನೋಡಿ ನಾವೂ ಹಾಸಿಗೆಯಿಂದ ಉರುಳಿ ಬೀಳುವ ಅಭ್ಯಾಸ ಮಾಡುತ್ತಿದ್ದೆವು. ಕೆಳಮನೆಯವರು ಕೋಲಿನಿಂದ ತಾರಸಿ ಕುಟ್ಟಿದಾಗ ಯುದ್ಧ ನಿಲ್ಲುತ್ತಿತ್ತು.

*

1949ರ ಫೆಬ್ರವರಿ ಎಂದೆನಲ್ಲ, ಆ ತಿಂಗಳನ್ನು ನೆನಪಿಟ್ಟುಕೊಳ್ಳಿ. ಅದೇ ತಿಂಗಳು, ಅದೇ ದೇಶದ ಇನ್ನೊಂದು ತುದಿಯಲ್ಲಿ, ಕನೆಕ್ಟಿಕಟ್ ರಾಜ್ಯದ ಪೊಲೀಸರು ಒಂದು ಹೊಸ ಕೆಲಸ ಶುರುಮಾಡಿದರು. ರೇಡಾರ್ ತೋರಿಸಿದ ಸಂಖ್ಯೆಯನ್ನು ನಂಬಿ ಅತಿವೇಗದ ಚೀಟಿ ಹರಿಯತೊಡಗಿದರು.

ಆ ರೇಡಾರಿನ ಹುಟ್ಟೂ ಯುದ್ಧದಲ್ಲೇ. ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳ ಗಾಲಿಗಳು ಇಳಿಯುವಾಗ ಮುರಿಯುತ್ತಿದ್ದವು. ಎಷ್ಟು ರಭಸದಲ್ಲಿ ಕೆಳಗೆ ಬರುತ್ತಿವೆ ಎಂದು ಅಳೆಯಬೇಕಿತ್ತು. ಜಾನ್ ಬಾರ್ಕರ್ ಮತ್ತು ಬೆನ್ ಮಿಡ್‌ಲಾಕ್ ಎಂಬ ಇಬ್ಬರು ಕಾಫಿ ಪುಡಿಯ ಖಾಲಿ ಡಬ್ಬಿಗಳಿಗೆ ಬೆಸುಗೆ ಹಾಕಿ ಮುಚ್ಚಿ, ಅವನ್ನೇ ಸೂಕ್ಷ್ಮ ತರಂಗಗಳ ಉಪಕರಣದ ಭಾಗವಾಗಿಸಿ ಒಂದು ರೇಡಾರ್ ಕಟ್ಟಿದರು. ರನ್‌ವೇ ತುದಿಯಲ್ಲಿ ಅದನ್ನು ಆಕಾಶಕ್ಕೆ ಮುಖಮಾಡಿ ಇಟ್ಟರು. ಯುದ್ಧ ಮುಗಿದಾಗ ಅದನ್ನು ರಸ್ತೆಯ ಕಡೆ ತಿರುಗಿಸಿದರು. 1947ರಲ್ಲಿ ಗ್ಲಾಸ್ಟನ್‌ಬರಿ ಎಂಬ ಊರಿನಲ್ಲಿ ಪರೀಕ್ಷೆ ನಡೆಯಿತು. ಆಗ ಬರೀ ಎಚ್ಚರಿಕೆ. ಎರಡು ವರ್ಷದ ನಂತರ ದಂಡ.

ಕಾಫಿ ಡಬ್ಬಿಯಿಂದ ಹುಟ್ಟಿದ ಉಪಕರಣವೆಂದರೆ ನನಗೆ ನಮ್ಮ ಅಗರಬತ್ತಿ ಡಬ್ಬಿಯ ಬಟನ್ ನೆನಪಾಗುತ್ತದೆ. ಒಂದೇ ವ್ಯತ್ಯಾಸ, ಅವರದು ಕೆಲಸ ಮಾಡುತ್ತಿತ್ತು.

ಹೇಗೆ ಕೆಲಸ ಮಾಡುತ್ತಿತ್ತು? ಪ್ಲಾಟ್‌ಫಾರಂ ಮೇಲೆ ನಿಂತಾಗ ಹತ್ತಿರ ಬರುವ ರೈಲಿನ ಸೀಟಿ ಚೂಪಾಗಿ, ದಾಟಿಹೋದ ಕೂಡಲೇ ದಪ್ಪವಾಗಿ ಕೇಳುವುದನ್ನು ನೀವು ಗಮನಿಸಿರುತ್ತೀರಿ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಇದರ ತತ್ತ್ವ ಹೇಳಿದ. ಮೂರು ವರ್ಷದ ನಂತರ ಹಾಲೆಂಡಿನಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸಂಗೀತದ ಕಿವಿ ಇದ್ದವರನ್ನು ನಿಲ್ಲಿಸಿ ಅದನ್ನು ಪರೀಕ್ಷಿಸಿದರು. ರೇಡಾರ್ ಮಾಡುವುದೂ ಅದನ್ನೇ. ಸೆಕೆಂಡಿಗೆ 2,400 ಕೋಟಿ ಸಲ ಕಂಪಿಸುವ ಅಲೆಯನ್ನು ಕಾರಿನ ಮೇಲೆ ಎಸೆಯುತ್ತದೆ ಎಂದಿಟ್ಟುಕೊಳ್ಳಿ. ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಬರುತ್ತಿದ್ದರೆ, ಮರಳಿದ ಅಲೆಯಲ್ಲಿ ಸೆಕೆಂಡಿಗೆ ಸುಮಾರು 4,400 ಕಂಪನ ಹೆಚ್ಚಿರುತ್ತದೆ. 2,400 ಕೋಟಿಯಲ್ಲಿ ನಾಲ್ಕು ಸಾವಿರ ಚಿಲ್ಲರೆ! ಚಿಲ್ಲರೆಯ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಇಡುವುದನ್ನು ನಾನು ಕಂಡದ್ದು ಒಬ್ಬ ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಮಾತ್ರ.

ಇಲ್ಲಿ ಇನ್ನೊಂದು ತಮಾಷೆ. ಡಾಪ್ಲರ್ ಹೇಳಿದ್ದನ್ನು ಬಹಳ ಜನ ನಂಬದಿದ್ದಾಗ, 1860ರಲ್ಲಿ ಸೀಟಿ ಕಟ್ಟಿದ ಉದ್ದನೆಯ ಕೊಳವೆಯನ್ನು ತಿರುಗಿಸಿ ಅದನ್ನು ಸಾಬೀತು ಮಾಡಿ ತೋರಿಸಿದವನು ಎರ್ನ್ಸ್ಟ್ ಮ್ಯಾಕ್. ಶಬ್ದದ ವೇಗದ ಅಳತೆಗೆ ಹೆಸರು ಕೊಟ್ಟವನೂ ಅವನೇ. ನಮ್ಮ 'ಸ್ಟ್ರೀಟ್ ಹಾಕ್' ನಾಯಕನಿಗೂ ಮ್ಯಾಕ್ ಎಂಬುದೇ ಅಡ್ಡಹೆಸರು. 480ರಲ್ಲಿ ಹಾರುವ ಹೀರೊ ಹೊತ್ತಿದ್ದು, ಅವನನ್ನು ಹಿಡಿಯುವ ಯಂತ್ರದ ತತ್ತ್ವವನ್ನು ಗಟ್ಟಿಮಾಡಿದವನ ಹೆಸರು.

*

ರೇಡಾರಿಗಿಂತ ಮೊದಲು ಪೊಲೀಸರು ಏನು ಮಾಡುತ್ತಿದ್ದರು? ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕು, ಯಾಕೆಂದರೆ ನಮ್ಮ ಕಾನೂನಿನ ಒಂದು ಎಳೆ ಅಲ್ಲಿಂದ ಬಂದದ್ದು.

1896ರ ಜನವರಿ 28ರಂದು ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬ ಊರಿನಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬಾತ ತನ್ನ ಮೋಟರು ಗಾಡಿಯನ್ನು ಗಂಟೆಗೆ 8 ಮೈಲಿ ವೇಗದಲ್ಲಿ ಓಡಿಸಿದ. ಮಿತಿ 2 ಮೈಲಿ. ಊಟಕ್ಕೆ ಕೂತಿದ್ದ ಪೊಲೀಸ ಕಿಟಕಿಯಿಂದ ನೋಡಿ, ಸೈಕಲ್ ಹತ್ತಿ ಐದು ಮೈಲಿ ಅಟ್ಟಿಸಿಕೊಂಡು ಹೋಗಿ ಹಿಡಿದ. ವೇಗಕ್ಕಾಗಿ ಬಿದ್ದ ದಂಡ ಒಂದು ಶಿಲ್ಲಿಂಗ್. ಮಿತಿಯ ನಾಲ್ಕು ಪಟ್ಟು ವೇಗ, ಹಿಡಿದದ್ದು ಸೈಕಲ್!

1903ರ ಮೋಟರ್ ಕಾರ್ ಕಾಯ್ದೆ ಮಿತಿಯನ್ನು 20 ಮೈಲಿಗೆ ಏರಿಸಿತು. ಸೈಕಲ್ಲಿಗೆ ಅದು ದಕ್ಕದ ವೇಗ. ಹಾಗಾಗಿ ಪೊಲೀಸರು ಬೇಲಿಯ ಹಿಂದೆ ಸೇರಿದರು. ಅಳೆದು ಗುರುತು ಮಾಡಿದ ದೂರದ ಒಂದು ತುದಿಯಲ್ಲಿ ಒಬ್ಬ, ಇನ್ನೊಂದು ತುದಿಯಲ್ಲಿ ಮತ್ತೊಬ್ಬ, ಕೈಯಲ್ಲಿ ಗಡಿಯಾರ. ಇದು ಮೋಸ ಎಂದು ಕಾರಿನ ಮಾಲೀಕರು ಕೂಗಾಡಿದರು. ಸುಮ್ಮನೆ ಕೂರದೆ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘವನ್ನೇ ಕಟ್ಟಿದರು. ಸಂಘದ ಆಳುಗಳು ಸೈಕಲ್ ಮೇಲೆ ತಿರುಗಿ, ಎಲ್ಲಿ ಪೊಲೀಸರು ಅಡಗಿದ್ದಾರೆ ಎಂದು ನೋಡಿ, ಬರುವ ಕಾರುಗಳನ್ನು ಎಚ್ಚರಿಸುತ್ತಿದ್ದರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ.

1910ರಲ್ಲಿ ನ್ಯಾಯಾಲಯ, ಹಾಗೆ ಎಚ್ಚರಿಸುವುದು ಪೊಲೀಸರ ಕೆಲಸಕ್ಕೆ ಅಡ್ಡಿ ಎಂದು ತೀರ್ಪು ಕೊಟ್ಟಿತು. ಸಂಘದವರು ಒಂದು ಜಾಣ ಉಪಾಯ ಹೂಡಿದರು. ಸದಸ್ಯರ ಕಾರು ಕಂಡರೆ ಆಳು ಸಲ್ಯೂಟ್ ಹೊಡೆಯುತ್ತಾನೆ. ಹೊಡೆಯದಿದ್ದರೆ ಕಾರು ನಿಲ್ಲಿಸಿ ಕಾರಣ ಕೇಳಿ. ಸಲ್ಯೂಟ್ ಹೊಡೆಯಲಿಲ್ಲವೆಂದು ಯಾವ ನ್ಯಾಯಾಧೀಶ ಶಿಕ್ಷೆ ಕೊಡುತ್ತಾನೆ? ಈ ಪದ್ಧತಿ ಅರ್ಧ ಶತಮಾನ ನಡೆಯಿತು.

ನಮಗೆ ಮುಖ್ಯವಾದದ್ದು ಆ 1903ರ ಕಾಯ್ದೆಯ ಒಂದು ಸಣ್ಣ ಮಾತು: ವೇಗ ಎಷ್ಟಿತ್ತು ಎಂಬ ಬಗ್ಗೆ ಒಬ್ಬನೇ ಸಾಕ್ಷಿಯ ಅಭಿಪ್ರಾಯ ನಂಬಿ ಯಾರನ್ನೂ ಶಿಕ್ಷಿಸುವಂತಿಲ್ಲ. ಅದೇ ಎಚ್ಚರಿಕೆ ನಮ್ಮ 1988ರ ಮೋಟರು ವಾಹನ ಕಾಯ್ದೆಯ 183ನೇ ಕಲಮಿನಲ್ಲೂ ಇದೆ. ಯಾವುದಾದರೂ ಉಪಕರಣದ ಆಧಾರವಿಲ್ಲದೆ, ಒಬ್ಬ ಸಾಕ್ಷಿಗೆ "ಹಾಗನ್ನಿಸಿತು" ಎಂಬಷ್ಟಕ್ಕೇ ಅತಿವೇಗದ ಶಿಕ್ಷೆ ಇಲ್ಲ. ಒಬ್ಬ ಮನುಷ್ಯನ ಕಣ್ಣನ್ನು ಪೂರ್ತಿ ನಂಬಬೇಡಿ ಎಂದು ಕಾನೂನು ನೂರು ವರ್ಷದ ಹಿಂದೆಯೇ ಹೇಳಿತ್ತು.

ಹಾಗಾದರೆ ಯಂತ್ರವನ್ನು ಪೂರ್ತಿ ನಂಬಬಹುದೆ? 1979ರಲ್ಲಿ ಅಮೆರಿಕದ ಮಯಾಮಿಯಲ್ಲಿ ಟಿವಿ ವರದಿಗಾರರು ಪೊಲೀಸರ ರೇಡಾರ್ ಗನ್ ಹಿಡಿದು ಪರೀಕ್ಷಿಸಿದರು. ಒಂದು ತಾಳೆಮರ ಗಂಟೆಗೆ 86 ಮೈಲಿ ವೇಗದಲ್ಲಿ ಹೋಗುತ್ತಿದೆ ಎಂದು ಅದು ತೋರಿಸಿತು. ಒಂದು ಮನೆಯ ವೇಗ 28 ಮೈಲಿ. ಆ ವರ್ಷ ಅಲ್ಲಿಯ ನ್ಯಾಯಾಧೀಶರೊಬ್ಬರು ರೇಡಾರ್ ಸಾಕ್ಷ್ಯವನ್ನು ನಂಬಲಾಗದು ಎಂದು ತಳ್ಳಿಹಾಕಿದರು. ರೇಡಾರಿಗೆ ತರಬೇತಿಯಿಲ್ಲದ ಕೈ, ಹತ್ತಿರದ ರೇಡಿಯೊ ಅಲೆ, ಕಾರಿನೊಳಗೇ ತಿರುಗುವ ಫ್ಯಾನು ಇವೆಲ್ಲ ಸುಳ್ಳು ಹೇಳಿಸಬಲ್ಲವು. ತಯಾರಕರೂ ಪೊಲೀಸರೂ ಪಾಠ ಕಲಿತರು; ಉಪಕರಣಗಳು ಸುಧಾರಿಸಿದವು. ಆದರೆ ಆ ತಾಳೆಮರ ಇತಿಹಾಸದಲ್ಲಿ ನಿಂತುಬಿಟ್ಟಿತು, ಮರ ನಿಲ್ಲಬೇಕಾದ ಹಾಗೆ.

ಈ ಹೊತ್ತಿಗಾಗಲೇ ಕ್ಯಾಮೆರಾವೂ ಬಂದಿತ್ತು. ಅದನ್ನು ಜಗತ್ತಿಗೆ ಕೊಟ್ಟವನು ಪೊಲೀಸನೂ ಅಲ್ಲ, ಸಮಾಜ ಸುಧಾರಕನೂ ಅಲ್ಲ; ಮಾರಿಸ್ ಗಾಟ್ಸೊನಿಡೀಸ್ ಎಂಬ ಡಚ್ ರ‍್ಯಾಲಿ ಓಟಗಾರ, 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವಿನಲ್ಲಿ ತಾನು ಇನ್ನೂ ವೇಗವಾಗಿ ಹೋಗುವುದು ಹೇಗೆಂದು ಅಳೆಯಲು ಆತ ಮಾಡಿಕೊಂಡ ಸಾಧನವೇ ಮುಂದೆ ಬೇರೆಯವರ ವೇಗ ತಗ್ಗಿಸುವ ಗಾಟ್ಸೊ ಕ್ಯಾಮೆರಾ ಆಯಿತು. ವೇಗದ ಹುಚ್ಚಿನವನೇ ವೇಗಕ್ಕೆ ಮೂಗುದಾರ ಮಾಡಿಕೊಟ್ಟ.

*

ರಾಡನ್‌ಬೆರಿಯ ಹಡಗಿಗೆ ಮರಳೋಣ, ಯಾಕೆಂದರೆ ಕಣ್ಣು ಮತ್ತು ಯಂತ್ರದ ಈ ಜಗಳ ಅಲ್ಲೂ ನಡೆದಿದೆ. 1968ರ ಮಾರ್ಚ್‌ನಲ್ಲಿ ಪ್ರಸಾರವಾದ ಒಂದು ಕಂತಿನ ಹೆಸರು 'ದಿ ಅಲ್ಟಿಮೇಟ್ ಕಂಪ್ಯೂಟರ್'. ಹಡಗನ್ನು ತಾನೇ ನಡೆಸುವ ಕಂಪ್ಯೂಟರ್ ಒಂದನ್ನು ತಂದು ಕೂರಿಸುತ್ತಾರೆ. ಕ್ಯಾಪ್ಟನ್ ಕರ್ಕ್‌ಗೆ ಕೆಲಸವೇ ಇಲ್ಲದಂತಾಗುತ್ತದೆ. ಅಣಕು ಯುದ್ಧ ಯಾವುದು, ನಿಜದ ಯುದ್ಧ ಯಾವುದು ಎಂದು ತಿಳಿಯದ ಕಂಪ್ಯೂಟರ್ ಸ್ನೇಹಿತ ಹಡಗುಗಳ ಮೇಲೇ ಗುಂಡು ಹಾರಿಸಿ ನೂರಾರು ಜನರನ್ನು ಕೊಲ್ಲುತ್ತದೆ. ಕೊನೆಗೆ ಕರ್ಕ್ ಅದನ್ನು ನಿಲ್ಲಿಸುತ್ತಾನೆ. ಆದರೆ ಈಗ ಎದುರಿನ ಹಡಗುಗಳಿಗೆ ಎಂಟರ್‌ಪ್ರೈಸನ್ನು ಹೊಡೆದುರುಳಿಸುವ ಆಜ್ಞೆ ಬಂದಿದೆ. ಎಂಟರ್‌ಪ್ರೈಸ್ ರಕ್ಷಣೆಯಿಲ್ಲದೆ ತೇಲುತ್ತಿದೆ. ಎದುರಿನ ಪಡೆಯ ಅಧಿಕಾರಿ ಅದನ್ನು ನೋಡಿ, ಆಜ್ಞೆ ಇದ್ದರೂ, ಗುಂಡು ಹಾರಿಸುವುದಿಲ್ಲ. ಯಾಕೆ ಸುಮ್ಮನಿದೆ ಈ ಹಡಗು ಎಂದು ಒಂದು ಕ್ಷಣ ತಡೆಯುತ್ತಾನೆ. ಆ ಕ್ಷಣ ಹಡಗಿನಲ್ಲಿದ್ದ ಸುಮಾರು ಇಪ್ಪತ್ತು ಜನರನ್ನು ಉಳಿಸುತ್ತದೆ.

ಆ ಅಧಿಕಾರಿಯ ಹೆಸರು ಬಾಬ್ ವೆಸ್ಲಿ. ಪೊಲೀಸನಾಗಿದ್ದಾಗ ರಾಡನ್‌ಬೆರಿ ಕಥೆ ಬರೆಯಲು ಇಟ್ಟುಕೊಂಡಿದ್ದ ಅದೇ ಹೆಸರು.

ರಾಡನ್‌ಬೆರಿ 1991ರಲ್ಲಿ ತೀರಿಕೊಂಡ. ಎರಡು ವರ್ಷದ ನಂತರ, 'ದಿ ನೆಕ್ಸ್ಟ್ ಜನರೇಶನ್' ಸರಣಿಯ ಒಂದು ಕಂತಿನಲ್ಲಿ, ವಾರ್ಪ್ ವೇಗದಲ್ಲಿ ಓಡಾಡುವುದರಿಂದ ಆಕಾಶವೇ ಸವೆಯುತ್ತಿದೆ ಎಂದು ತಿಳಿದುಬರುತ್ತದೆ. ಯಾರೂ ನಂಬದಿದ್ದಾಗ ಒಬ್ಬ ವಿಜ್ಞಾನಿ ತನ್ನ ಪ್ರಾಣ ಕೊಟ್ಟು ಅದನ್ನು ತೋರಿಸುತ್ತಾಳೆ. ಪರಿಣಾಮ? ಇಡೀ ಬಾಹ್ಯಾಕಾಶಕ್ಕೆ ವೇಗಮಿತಿ: ವಾರ್ಪ್ 5. ಆ ಸರಣಿಯ ಲೆಕ್ಕದಲ್ಲಿ ಅದು ಬೆಳಕಿನ ವೇಗದ ಸುಮಾರು 214 ಪಟ್ಟು. ಹಳೇ ಟ್ರಾಫಿಕ್ ಪೊಲೀಸನ ವಿಶ್ವಕ್ಕೂ ಕೊನೆಗೆ ಬೋರ್ಡು ಬಿತ್ತು. ಮುಂದೆ ಆದದ್ದು ನಮ್ಮ ಹೆದ್ದಾರಿಯ ಕಥೆಯೇ. ಕೆಲವೇ ಕಂತುಗಳ ನಂತರ "ಈ ಸಲ ತುರ್ತು, ಮಿತಿ ಮೀರಲು ಅನುಮತಿ ಇದೆ" ಎಂದರು. ಆಮೇಲೆ ಕಥೆ ಬರೆಯುವವರೇ ಆ ಮಿತಿಯನ್ನು ಮೆಲ್ಲಗೆ ಮರೆತರು.

*

"ಈ ಸಲ ತುರ್ತು" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಕಾಣುವುದು ಕಿತ್ತೂರಿನ ಹತ್ತಿರದ ಒಂದು ಹುಣಸೆಮರ.

80ರ ದಶಕದ ಕೊನೆಯ ಒಂದು ಮೇ ತಿಂಗಳು. ಧಾರವಾಡದಲ್ಲಿ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ತಾರು ಬಂತು. ಅಪ್ಪ ಸ್ನೇಹಿತರೊಬ್ಬರ ಫಿಯಟ್ ಕೇಳಿ ತಂದರು. ರಾತ್ರಿಯೇ ಹೊರಟು ಖಂಡಾಲಾ ಘಟ್ಟ ಹತ್ತಿ, ಸಾತಾರಾ, ಕೊಲ್ಹಾಪುರ ದಾಟಿ, ಬೆಳಗಾವಿಯಲ್ಲೂ ನಿಲ್ಲಲಿಲ್ಲ. ಯಾರೂ ಮಾತಾಡುತ್ತಿರಲಿಲ್ಲ. ಅಪ್ಪ ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನನಗೆ ಮಾತ್ರ ಒಳಗೊಳಗೇ ಖುಷಿ. ನಾವು ಎಂಟರ್‌ಪ್ರೈಸ್‌ನಲ್ಲಿದ್ದೆವು.

ಕಿತ್ತೂರು ದಾಟಿದ ಮೇಲೆ ರಸ್ತೆಬದಿ ಒಬ್ಬ ಪೊಲೀಸ ಕರವಸ್ತ್ರ ಬೀಸಿದ. ನಮಗಲ್ಲ, ಇನ್ನೂ ಮುಂದೆ ಹುಣಸೆಮರದ ಕೆಳಗೆ ಕೈಗಡಿಯಾರ ನೋಡುತ್ತಿದ್ದ ಇನ್ನೊಬ್ಬನಿಗೆ. ಇಂಗ್ಲೆಂಡಿನ ಬೇಲಿಯ ಉಪಾಯ ಎಂಬತ್ತು ವರ್ಷದ ನಂತರ ನಮ್ಮ ಹುಣಸೆಮರಕ್ಕೆ ಬಂದಿತ್ತು. ಮರದ ಕೆಳಗಿದ್ದವನು ಕೈ ಅಡ್ಡ ಹಿಡಿದ. ವಯಸ್ಸಾದ ಮನುಷ್ಯ. ಕಾರಿನೊಳಗೆ ಬಗ್ಗಿ ಅಪ್ಪನ ಮುಖ ನೋಡಿದ. ಅಮ್ಮನ ಮುಖ ನೋಡಿದ. ಎಷ್ಟು ವೇಗವಿತ್ತು ಎಂದು ಹೇಳಲೇ ಇಲ್ಲ.

"ಯಾಕ್ರೀ?" ಎಂದ.

ಅಪ್ಪ ಹೇಳಿದರು. ಹೇಳುತ್ತಾ ಧ್ವನಿ ಒಡೆಯಿತು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಆ ಪೊಲೀಸ ಪುಸ್ತಕ ತೆರೆಯಲಿಲ್ಲ. ಮರದ ಬುಡದ ಮಣ್ಣಿನ ಗಡಿಗೆಯಿಂದ ನೀರು ತರಿಸಿ ಕೊಟ್ಟ. ಐದು ನಿಮಿಷ ಕೂರಿಸಿದ. ಆಮೇಲೆ ಹೇಳಿದ: "ಹೋಗ್ರಿ, ಸಾವಕಾಶ ಹೋಗ್ರಿ. ಅಪ್ಪ ದಾರಿ ಕಾಯಾಕತ್ತಾರ ಅಂದ್ರ ನೀವು ಮುಟ್ಟಬೇಕಲ್ಲ."

ಅಲ್ಲಿಂದ ಧಾರವಾಡದವರೆಗೆ ಅಪ್ಪ ನಿಧಾನವಾಗಿ ಹೋದರು. ಅಜ್ಜ ಇನ್ನೂ ಎರಡು ದಿನ ಇದ್ದರು. ಅಪ್ಪ ಅವರ ಕೈ ಹಿಡಿದು ಕೂತಿದ್ದರು.

*

ಆ ಮನುಷ್ಯನನ್ನು ನೆನೆದು ಹಳೆಯ ಕಾಲವೇ ಒಳ್ಳೆಯದಿತ್ತು ಎಂದುಬಿಡುವುದು ಸುಲಭ. ಅದು ನಿಜವಲ್ಲ. "ಯಾಕೆ" ಎಂದು ಕೇಳುವ ಅಧಿಕಾರವಿದ್ದವನಿಗೆ "ಯಾರು" ಎಂದು ಕೇಳುವ ಅಧಿಕಾರವೂ ಇತ್ತು. ಯಾರ ಮಗ, ಯಾವ ಊರು, ಯಾರ ಪರಿಚಯ, ಜೇಬಿನಲ್ಲಿ ಎಷ್ಟು. ಹುಣಸೆಮರದ ಕೆಳಗೆ ನಮಗೆ ನೀರು ಸಿಕ್ಕಿತು. ಬೇರೆ ಮರಗಳ ಕೆಳಗೆ ಬೇರೆಯವರಿಗೆ ಬೇರೆಯದು ಸಿಕ್ಕಿರುತ್ತದೆ. ಕ್ಯಾಮೆರಾಕ್ಕೆ ಜಾತಿ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಚಹಾ ಕುಡಿಯುವುದಿಲ್ಲ. ಹೊರರಾಜ್ಯದ ನಂಬರ್ ಪ್ಲೇಟು ಹಾಕಿಕೊಂಡು ಊರೂರು ಅಲೆಯುವ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ಮತ್ತು ಲೆಕ್ಕ ಲೆಕ್ಕವೇ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ. 71ಕ್ಕೂ ಹೆಚ್ಚು ಸಾವು ಅತಿವೇಗದ ಲೆಕ್ಕಕ್ಕೆ ಸೇರಿದವು ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ವೇಗ 100ರಿಂದ 120ಕ್ಕೆ ಏರಿದರೆ ಕಣ್ಣಿಗೆ ಐದರಲ್ಲಿ ಒಂದು ಪಾಲು ಹೆಚ್ಚಾದಂತೆ ಕಾಣುತ್ತದೆ. ಡಿಕ್ಕಿಯ ಶಕ್ತಿ ಶೇ. 44ರಷ್ಟು ಏರಿರುತ್ತದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ 94.5 ಕಿಲೋಮೀಟರ್. ಘಟ್ಟದ ಭಾಗವನ್ನು ಮರೆತು, ಅಷ್ಟೂ ದೂರ 100ರ ಬದಲು 118ರಲ್ಲಿ ಹೋದರೂ ಉಳಿಯುವುದು ಒಂಬತ್ತು ನಿಮಿಷಕ್ಕೂ ಕಡಿಮೆ. ಆ ಒಂಬತ್ತು ನಿಮಿಷವನ್ನು ನಾವೆಲ್ಲ ಸಯಾನಿನ ಸಿಗ್ನಲ್ಲಿನಲ್ಲಿ ಪ್ರಾಮಾಣಿಕವಾಗಿ ವಾಪಸು ಕೊಡುತ್ತೇವೆ.

ಆದ್ದರಿಂದ ಕ್ಯಾಮೆರಾ ಬೇಕು. ಆದರೆ ಅದು ಕೇಳುವುದು "ಎಷ್ಟು" ಎಂಬ ಒಂದೇ ಪ್ರಶ್ನೆ. "ಯಾಕೆ" ಎಂದು ಕೇಳುವ ಒಬ್ಬ ಮನುಷ್ಯನೂ ವ್ಯವಸ್ಥೆಯಲ್ಲಿ ಎಲ್ಲೋ ಒಂದು ಕಡೆ ಉಳಿದಿರಬೇಕು. ಮನೆಗೆ 28 ಮೈಲಿ ವೇಗ ಬಂದಾಗ ತಡೆದು ನೋಡುವವನು, ಆಂಬುಲೆನ್ಸಿನ ಹಿಂದೆ ಓಡಿದವನ ಅರ್ಜಿ ಓದುವವನು. ಒಬ್ಬನ ಕಣ್ಣಷ್ಟೇ ಸಾಲದು ಎಂದು 1903ರಲ್ಲಿ ಹೇಳಿದವರು ಸರಿ. ಯಂತ್ರಕ್ಕೆ ಕಣ್ಣಿನ ಸಾಕ್ಷಿಯೂ ಬೇಕು ಎಂದು ಆ ತಾಳೆಮರ ಹೇಳಿದ್ದೂ ಸರಿ.

ಅಂದು ಸಂಜೆ ಊಟದ ಹೊತ್ತಿಗೆ ಮಗಳಿಗೆ ಈ ಹುಣಸೆಮರದ ಕಥೆ ಹೇಳಿದೆ. ಮೊದಲ ಸಲ ಹೇಳಿದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನೀನು ಯಾಕೆ 118ರಲ್ಲಿ ಹೋದೆ?" ಎಂದು ಕೇಳಿದಳು.

ಯೋಚಿಸಿದೆ. ಯಾರೂ ಆಸ್ಪತ್ರೆಯಲ್ಲಿರಲಿಲ್ಲ. ಯಾರೂ ನನ್ನ ದಾರಿ ಕಾಯುತ್ತಿರಲಿಲ್ಲ. ರಸ್ತೆ ಖಾಲಿಯಿತ್ತು, ಹಳೆಯ ಹಾಡು ಬರುತ್ತಿತ್ತು, ಅಷ್ಟೇ.

ಕ್ಯಾಮೆರಾ ಕೇಳದೇ ಇದ್ದದ್ದು ನನ್ನ ಪುಣ್ಯ. ಕೈ ತೊಳೆದು ಬಂದು ದಂಡ ಕಟ್ಟಿದೆ.